ಏಲೂರು ಕಡವಿನ ಮೂರನೇ ಬಾಟಲಿ

"ದಾರ ಕತ್ತರಿಸಿದ್ದು ನಿಮ್ಮ ಕಣ್ಣೆದುರು. ಅರಗು ಒಡೆದದ್ದೂ ನಿಮ್ಮ ಕಣ್ಣೆದುರು. ಮುದ್ರೆ ಶಾಲೆಯದ್ದೇ ಅಂತ ನಿಮ್ಮ ಮೇಷ್ಟ್ರೇ ಒಪ್ಪಿಕೊಂಡಿದ್ದಾರೆ. ಇನ್ನೇನು ಹೇಳುವುದಿದೆ ಮೇಡಂ?"

ಸ್ಪರ್ಧಾ ಸಮಿತಿಯ ಕಾರ್ಯದರ್ಶಿ ಡಾಕ್ಟರ್ ವಿಶ್ವೇಶ್ವರ ಅಯ್ಯರ್ ಕನ್ನಡಕ ತೆಗೆದು ಒರೆಸಿಕೊಂಡರು. ಮಲಯಾಳದಲ್ಲಿ, ಮೆಲುದನಿಯಲ್ಲಿ ಮಾತಾಡುವ ಮನುಷ್ಯ. ಕೂಗಾಡುವವರನ್ನು ಸಂಭಾಳಿಸಬಹುದು, ಇಂಥವರನ್ನು ಕಷ್ಟ.

ಅನಸೂಯಾ ಮೇಜಿನ ಮೇಲೆ ಕಣ್ಣಾಡಿಸಿದಳು. ಕೇರಳ ಪೊಲೀಸಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದ ಹೆಂಗಸು. ಕೈಯಲ್ಲಿ ಏನೂ ಇಲ್ಲದಾಗ ಸುಮ್ಮನಿದ್ದು ಸುತ್ತ ನೋಡಬೇಕು ಎಂಬುದನ್ನು ಆ ಕೆಲಸವೇ ಕಲಿಸಿತ್ತು. ಪಕ್ಕದಲ್ಲಿ ತಮ್ಮನ ಮಗಳು ಶ್ರಾವ್ಯ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಹುಡುಗಿಯ ಉಗುರುಗಳು ಅತ್ತೆಯ ಅಂಗೈಯೊಳಗೆ ಇಳಿದಿದ್ದವು.

ಏಲೂರಿನ ದೋಣಿ ಕಡವಿನಲ್ಲಿ ಪೆರಿಯಾರ್ ನದಿಯ ನೀರಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿದೆ ಎಂದು ತೋರಿಸಿ ರಾಜ್ಯದ ಶಾಲಾ ವಿಜ್ಞಾನ ಸಂಶೋಧನಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಹುಡುಗಿ. ಆ ಲೋಹವನ್ನು ಬಾಟಲಿಗೆ ಬೆರೆಸಿದ್ದೇ ಅವಳು ಎಂಬ ಹೆಸರಿಲ್ಲದ ದೂರು. ಅದರ ಕೊನೆಯ ವಿಚಾರಣೆ ಇಂದು, ತಿರುವನಂತಪುರದ ಈ ಕೋಣೆಯಲ್ಲಿ.

ಸ್ಪರ್ಧೆಯ ನಿಯಮ ಸರಳ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಮೂರು ಬಾಟಲಿ ನೀರು ತುಂಬಬೇಕು. ಒಂದು ಸಮಿತಿಯ ಪ್ರಯೋಗಶಾಲೆಗೆ. ಒಂದು ವಿದ್ಯಾರ್ಥಿಗೆ, ಅದು ಪ್ರಯೋಗದಲ್ಲೇ ಖರ್ಚಾಗುತ್ತದೆ. ಮೂರನೆಯದು ಸಾಕ್ಷಿಗೆ, ಅದಕ್ಕೆ ಮಾರ್ಗದರ್ಶಿ ಮೇಷ್ಟ್ರು ಅರಗು ಹಾಕಿ ಮುದ್ರೆ ಒತ್ತಬೇಕು. ಜಗಳ ಬಂದರೆ ಮಾತ್ರ ಅದನ್ನು ತೆರೆಯುವುದು.

ಜಗಳ ಬಂದಿತ್ತು. ಬೆಳಗ್ಗೆ ತೆರೆದಿದ್ದರು. ಮೊದಲ ಬಾಟಲಿಯಲ್ಲಿ ಧಾರಾಳವಾಗಿದ್ದ ಕ್ಯಾಡ್ಮಿಯಂ ಮೂರನೆಯದರಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

"ಸಂಜೆ ಕಚೇರಿ ಮುಚ್ಚುವ ಮೊದಲು ಸಮಿತಿ ಸಹಿ ಹಾಕುತ್ತದೆ," ಅಯ್ಯರ್ ಹೇಳಿದರು. "ಬಹುಮಾನ ವಾಪಸು. ದೆಹಲಿಯ ರಾಷ್ಟ್ರೀಯ ಸ್ಪರ್ಧೆಗೆ ಎರಡನೇ ಸ್ಥಾನದ ನಿಹಾರಿಕಾ ಹೋಗುತ್ತಾಳೆ. ಶಾಲೆಗೆ, ಪತ್ರಿಕೆಗಳಿಗೆ ಫ್ಯಾಕ್ಸ್ ಹೋಗುತ್ತದೆ. ನನಗೂ ಹೆಣ್ಣುಮಕ್ಕಳಿದ್ದಾರೆ ಮೇಡಂ. ಆದರೆ ಮೋಸವನ್ನು ಮೋಸ ಅನ್ನದಿದ್ದರೆ ಈ ಕುರ್ಚಿಯಲ್ಲಿ ನಾನು ಯಾಕೆ ಕೂತಿರಬೇಕು?"

ಶ್ರಾವ್ಯಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವಲ್ಲ, ಅಳು ಮುಗಿದ ಮೇಲಿನದ್ದು. ಆರ್ಕುಟ್‌ನಲ್ಲಿ ಯಾರೋ ಅವಳ ಫೋಟೋ ಹಾಕಿ ಕೆಳಗೆ 'ವಿಷಕನ್ಯೆ' ಎಂದು ಬರೆದಂದಿನಿಂದ ಹುಡುಗಿ ಸರಿಯಾಗಿ ಉಂಡಿರಲಿಲ್ಲ. ತ್ರಿಪ್ಪುಣಿತ್ತುರದ ಮನೆಯ ಬಾಗಿಲಿಗೆ ಪೇಪರು ಬಿದ್ದ ಸದ್ದಿಗೇ ಬೆಚ್ಚುತ್ತಿದ್ದಳು. ತಾಯಿ ಮೂಕಾಂಬಿಕಾ ತೀರಿಕೊಂಡು ವರ್ಷಗಳಾಗಿದ್ದವು. ತಂದೆ ಶ್ಯಾಮ ಸರ್ಕಾರದ ನೀರು ಪರೀಕ್ಷೆಯ ಕಚೇರಿಯಲ್ಲಿ ಅಧಿಕಾರಿ. ಆಡಿಟ್ ಉಂಟು, ರಜೆ ಸಿಗಲಿಲ್ಲ ಎಂದು ಅಕ್ಕನನ್ನು ಜೊತೆಗೆ ಕಳಿಸಿದ್ದ.

ಅನಸೂಯಾಳ ದೃಷ್ಟಿ ಮೇಜಿನ ಮೇಲೇ ಇತ್ತು. ಕಪ್ಪು ಹಲಗೆಯ ಮೇಜು. ಬೆಳಗ್ಗೆ ನೀರು ಬಗ್ಗಿಸುವಾಗ ಎರಡೂ ಬಾಟಲಿಗಳಿಂದ ಒಂದೆರಡು ಹನಿ ಚೆಲ್ಲಿ, ಫ್ಯಾನಿನ ಗಾಳಿಗೆ ಒಣಗಿದ್ದವು. ಮೊದಲ ಬಾಟಲಿಯ ಪಕ್ಕದಲ್ಲಿ ಹನಿ ಒಣಗಿದ ಕಡೆ ಬಿಳಿಯ ಬಳೆಯೊಂದು ಕೂತಿತ್ತು. ಮೂರನೆಯದರ ಪಕ್ಕದಲ್ಲಿ ಅಂಥ ಗುರುತೇ ಇರಲಿಲ್ಲ.

ಅವಳು ಬೆರಳಿನಿಂದ ಬಿಳಿ ಬಳೆಯನ್ನು ಸವರಿದಳು. ಒರಟು. ಹುಟ್ಟೂರು ಕಾಸರಗೋಡಿನಲ್ಲಿ, ಸಮುದ್ರ ಹತ್ತಿರದ ಹೊಳೆಯಲ್ಲಿ ಮುಳುಗೆದ್ದು ದಡದಲ್ಲಿ ಕೂತರೆ ಮೊಣಕಾಲ ಮೇಲೆ ಹೀಗೆಯೇ ಬಿಳಿ ಮೂಡುತ್ತಿತ್ತು.

"ಮಗಾ," ಎಂದಳು ಮೆಲ್ಲಗೆ. "ಏಲೂರಿನಲ್ಲಿ ಹೊಳೆಗೆ ಬೇಸಿಗೆಯಲ್ಲಿ ಕಟ್ಟ ಹಾಕ್ತಾರಾ? ನಮ್ಮ ಊರಿನ ಹಾಗೆ ಮಣ್ಣು ತುಂಬಿಸಿ?"

ಶ್ರಾವ್ಯ ತಲೆ ಎತ್ತಿದಳು. "ಅಡ್ಡಗಟ್ಟೆಯಾ? ಹಾಂ. ಉಪ್ಪುನೀರು ಮೇಲೆ ಹೋಗದ ಹಾಗೆ."

"ನೀನು ನೀರು ತೆಗೆದ ಕಡವು ಕಟ್ಟದ ಮೇಲೆಯೋ, ಕೆಳಗೋ?"

"ಕೆಳಗೆ…" ಹುಡುಗಿಯ ಕಣ್ಣು ಮೇಜಿನ ಮೇಲಿನ ಬಿಳಿ ಬಳೆಗೆ ಹೋಯಿತು. ಅಲ್ಲಿಂದ ಬಾಟಲಿಗೆ. ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಸಾರ್! ಸಿಲ್ವರ್ ನೈಟ್ರೇಟ್ ಇದೆಯಾ? ಉಪ್ಪಿದ್ದರೆ ನೀರು ಬೆಳ್ಳಗಾಗುತ್ತೆ. ಪ್ಲೀಸ್ ಸಾರ್, ಎರಡೇ ಹನಿ ಸಾಕು!"

"ಇದು ಸ್ಕೂಲ್ ಲ್ಯಾಬ್ ಅಲ್ಲ," ಎಂದರು ಅಯ್ಯರ್.

"ಹೌದು, ಕೋರ್ಟೂ ಅಲ್ಲ," ಎಂದಳು ಅನಸೂಯಾ. "ಆದರೂ ಶಿಕ್ಷೆ ಕೊಡ್ತಾ ಇದ್ದೀರಿ. ಎರಡು ಹನಿ ಮದ್ದು ಕೊಟ್ಟರೆ ಸಮಿತಿಗೆ ನಷ್ಟವೇನು?"

ಅಯ್ಯರ್ ಒಂದು ಕ್ಷಣ ಅವಳನ್ನೇ ನೋಡಿ, ಗಂಟೆ ಒತ್ತಿದರು.

ಎರಡು ಪ್ರನಾಳ ಬಂದವು, ಕಂದು ಬಣ್ಣದ ಸಣ್ಣ ಶೀಷೆಯೂ ಬಂತು. ಶ್ರಾವ್ಯ ಒಂದೊಂದು ಪ್ರನಾಳಕ್ಕೆ ಒಂದೊಂದು ಬಾಟಲಿಯ ನೀರು ಬಗ್ಗಿಸಿದಳು. ಮೊದಲ ಬಾಟಲಿಯ ನೀರಿಗೆ ಹನಿ ಬಿದ್ದದ್ದೇ ತಡ, ಹಾಲು ಒಡೆದಂತೆ ಬಿಳಿ ಗಸಿ ಕಟ್ಟಿ ತಳಕ್ಕಿಳಿಯಿತು. ಮೂರನೆಯದರಲ್ಲಿ ಕನ್ನಡಿಗೆ ಉಸಿರು ಬಿಟ್ಟಷ್ಟು ಮಬ್ಬು ಮೂಡಿತು, ಅಷ್ಟೇ.

"ಇದು ಸಿಹಿನೀರು ಸಾರ್," ಶ್ರಾವ್ಯ ಮಲಯಾಳದಲ್ಲಿ ಬಡಬಡಿಸಿದಳು. "ಮಾರ್ಚ್ ತಿಂಗಳಲ್ಲಿ ಆ ಕಡವಿನಲ್ಲಿ ಸಿಹಿನೀರು ಸಿಗಲು ಸಾಧ್ಯವೇ ಇಲ್ಲ. ದಿನಾ ಉಪ್ಪು ಅಳೆದಿದ್ದೇನೆ. ಇದು ಯಾವುದೋ ಬಾವಿಯದ್ದು, ಇಲ್ಲಾ ನಲ್ಲಿಯದ್ದು. ನನ್ನ ನೀರೇ ಅಲ್ಲ ಇದು!" ಅತ್ತೆಯತ್ತ ತಿರುಗಿದಳು. "ಅತ್ತೇ, ಬೆಳಗ್ಗೆಯಿಂದ ನನಗೇ ಯಾಕೆ ತೋಚಲಿಲ್ಲ?"

"ಬಾಟಲಿ ನಿನ್ನ ಕೈಗೆ ಕೊಟ್ಟಿದ್ದರೆ ತಾನೇ?"

ಅಯ್ಯರ್ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಕೆಳಗಿಟ್ಟರು.

"ಸರಿ. ಬದಲಾಗಿದೆ. ಆದರೆ ಮೇಲಿನ ಅರಗು ಮುಟ್ಟಿದ ಗುರುತಿಲ್ಲ. ಅಂದರೆ ಅರಗು ಹಾಕುವ ಮೊದಲೇ ನೀರು ಬದಲಾಗಿದೆ. ನದಿಯ ದಡದಲ್ಲೇ ಅರಗು ಹಾಕಿದೆ ಎಂದು ಜೋಸೆಫ್ ಸಾರ್ ಬರೆದುಕೊಟ್ಟಿದ್ದಾರೆ. ಹಾಗಾದರೆ ಬದಲಾಯಿಸಿದವರು ಯಾರು? ಅರ್ಧ ಗಂಟೆ ಕೊಡುತ್ತೇನೆ ಮೇಡಂ. ನನಗೆ ಒಂದು ಹೆಸರು ಬೇಕು. ಹೆಸರಿಲ್ಲದಿದ್ದರೆ ನಾನು ಹುಡುಗಿಯ ಹೆಸರನ್ನೇ ಬರೆಯಬೇಕಾಗುತ್ತದೆ."

ಮೂಲೆಯಲ್ಲಿ ಕೂತಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಜೋಸೆಫ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ಎಷ್ಟು ಒರೆಸಿದರೂ ಬೆವರು ನಿಲ್ಲುತ್ತಿರಲಿಲ್ಲ.

ಹೊರಗಿನ ಜಗಲಿಯಲ್ಲಿ ಒಂದು ಉದ್ದ ಬೆಂಚು. ಶ್ರಾವ್ಯಳನ್ನು ಅದರಲ್ಲಿ ಕೂರಿಸಿ, ಅನಸೂಯಾ ಜೋಸೆಫರನ್ನು ಕಂಬದ ಆಚೆಗೆ ಕರೆದಳು. ಅವರ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪಳಂಪೊರಿ ಇತ್ತು. ಹುಡುಗಿ ತಿಂದಾಳೆಂದು ಬೆಳಗ್ಗೆ ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡ ಬಾಳೆಹಣ್ಣಿನ ಬಜ್ಜಿ. ಈಗ ಎಣ್ಣೆ ಇಳಿದು ಪೇಪರೆಲ್ಲ ಒದ್ದೆ.

"ಜೋಸೆಫ್ ಸಾರ್, ಆ ಪೊಟ್ಟಣ ಕೆಳಗಿಡಿ. ಹಿಂಡಿ ಹಿಂಡಿ ಜ್ಯೂಸ್ ಮಾಡ್ತಿದ್ದೀರಿ."

ಅವರು ಅಕ್ಕಾ ಎಂದು ಬೇಡಿಕೊಂಡರು. "ಚೇಚಿ, ನನ್ನನ್ನು ನಂಬಿ. ನಾನು ಆ ನೀರನ್ನು ಬದಲಾಯಿಸಲಿಲ್ಲ."

"ನಂಬಿದೆ. ನೀವು ಬದಲಾಯಿಸಿದ್ದರೆ ಇಷ್ಟು ಬೆವರುತ್ತಿರಲಿಲ್ಲ, ಉತ್ತರ ತಯಾರು ಮಾಡಿಕೊಂಡು ಬರುತ್ತಿದ್ದಿರಿ. ಆದರೆ ಸುಳ್ಳು ಬರೆದುಕೊಟ್ಟಿದ್ದೀರಿ. ದಡದಲ್ಲಿ ಅರಗು ಹಾಕಿದ್ದು ಸುಳ್ಳು. ಹೌದಾ, ಅಲ್ಲವಾ?"

ಜೋಸೆಫ್ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಸಾರ್, ನನ್ನ ಹತ್ತಿರ ಅರ್ಧ ಗಂಟೆ ಉಂಟು. ಆ ಹುಡುಗಿಯ ಹತ್ತಿರವೂ ಅಷ್ಟೇ."

"ಗಾಳಿ, ಚೇಚಿ." ಅವರ ದನಿ ಒಡೆಯಿತು. "ಆ ದಿನ ಕಡವಿನಲ್ಲಿ ವಿಪರೀತ ಗಾಳಿ. ಕಡ್ಡಿ ಗೀಚಿದರೆ ಆರುತ್ತದೆ, ಗೀಚಿದರೆ ಆರುತ್ತದೆ. ಪೆಟ್ಟಿಗೆ ಖಾಲಿಯಾಯಿತು, ಅರಗು ಕರಗಲಿಲ್ಲ. ಶನಿವಾರ ಬೇರೆ. ಶಾಲೆಯ ಫ್ರಿಜ್ ಕೆಟ್ಟಿತ್ತು. ನೀರನ್ನು ತಣ್ಣಗೆ ಇಡಲೇಬೇಕು. ಸೋಮವಾರ ಅರಗು ಹಾಕಿದರಾಯಿತು ಅಂದುಕೊಂಡೆ."

"ಶನಿವಾರದಿಂದ ಸೋಮವಾರದವರೆಗೆ ಬಾಟಲಿ ಎಲ್ಲಿತ್ತು?"

ಮೇಷ್ಟ್ರು ಬೆಂಚಿನ ಕಡೆ ನೋಡಿದರು. ಆಮೇಲೆ, ಯಾರದೋ ಸಾವಿನ ಸುದ್ದಿ ಹೇಳುವವರಂತೆ ತುಂಬ ಸಣ್ಣಗೆ ಹೇಳಿದರು.

"ಶ್ರಾವ್ಯಳ ಮನೆಯಲ್ಲಿ. ಅವರ ಫ್ರಿಜ್‌ನಲ್ಲಿ. ಇದನ್ನು ಹೇಳಿದರೆ ಎಲ್ಲರೂ ಅವಳ ಮೇಲೆಯೇ ಬೀಳುತ್ತಾರೆ ಅಂತಲೇ ಚೇಚಿ, ನಾನು ಬಾಯಿ ಮುಚ್ಚಿಕೊಂಡಿದ್ದು. ನನ್ನ ಕೆಲಸ ಹೋದರೂ ಹೋಗಲಿ ಅಂತ."

ಅನಸೂಯಾ ಕಣ್ಣು ಮುಚ್ಚಿ ತೆರೆದಳು. ಒಳ್ಳೆಯ ಮನುಷ್ಯರು ಕಾಪಾಡಲು ಹೊರಟು ಮಾಡುವ ಕೆಡುಕಿಗೆ ಅವಳ ಕೆಲಸದ ಕಾಲದಲ್ಲಿ ಲೆಕ್ಕವಿರಲಿಲ್ಲ. ನಿನ್ನೆಯವರೆಗೆ ಅವಳ ಅನುಮಾನವೆಲ್ಲ ನಿಹಾರಿಕಾಳ ತಂದೆಯ ಮೇಲಿತ್ತು. ಆ ದಾರಿ ಇಲ್ಲಿಗೆ ಮುಚ್ಚಿತು. ಆತ ಶ್ಯಾಮನ ಅಡುಗೆಮನೆಗೆ ನುಗ್ಗಿ ಫ್ರಿಜ್ ತೆರೆಯುವುದುಂಟೇ?

"ಅತ್ತೇ."

ಶ್ರಾವ್ಯ ಕಂಬದ ಪಕ್ಕದಲ್ಲೇ ನಿಂತಿದ್ದಳು. ಯಾವಾಗ ಎದ್ದು ಬಂದಳೋ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನೇ ಬದಲಾಯಿಸಿದ್ದು ಅತ್ತೆ. ಮೊದಲ ಬಾಟಲಿಗೆ ಲೋಹ ಬೆರೆಸಿದ್ದೂ ನಾನೇ. ಒಳಗೆ ಹೋಗಿ ಹೇಳ್ತೇನೆ. ಮುಗಿಸಿಬಿಡೋಣ."

"ಮೋಳೇ!" ಮಗಳೇ ಎಂದು ಕೂಗಿದ ಜೋಸೆಫರ ಕೈಯಿಂದ ಪೊಟ್ಟಣ ಜಾರಿತು.

ಅನಸೂಯಾ ಹುಡುಗಿಯ ಎರಡೂ ಭುಜ ಹಿಡಿದಳು. ಹಿಡಿತ ಗಟ್ಟಿಯಿತ್ತು, ಸ್ವರ ಮಾತ್ರ ಮೆತ್ತಗೆ.

"ಯಾವ ನೀರು ತುಂಬಿಸಿದಿ?"

"ಬಾವಿಯದ್ದು. ಮನೆಯ ಬಾವಿಯದ್ದು."

"ಉಪ್ಪು ಯಾಕೆ ಹಾಕಲಿಲ್ಲ?"

ಶ್ರಾವ್ಯ ಭುಜ ಬಿಡಿಸಿಕೊಳ್ಳಲು ನೋಡಿದಳು.

"ಆ ಕಡವಿನ ನೀರಿನ ಉಪ್ಪು ದಿನಾ ಅಳೆದವಳು ನೀನು. ಯಾವ ದಿನ ಎಷ್ಟು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಿ. ನೀನು ಬದಲಾಯಿಸುವವಳಾದರೆ ಅಡುಗೆಮನೆಯಿಂದ ಒಂದು ಚಮಚ ಉಪ್ಪು ತೆಗೆದು ಹಾಕುವುದು ಮರೆಯುವವಳಾ? ಬದಲಾಯಿಸಿದವರಿಗೆ ಆ ನೀರು ಉಪ್ಪು ಅಂತ ಗೊತ್ತೇ ಇರಲಿಲ್ಲ. ಕಡವಿಗೆ ಕಾಲಿಡದವರು ಮಾಡಿದ ಕೆಲಸ ಇದು. ಯಾರನ್ನು ಅಡಗಿಸ್ತಾ ಇದ್ದೀ ಮಗಾ?"

"ಯಾರನ್ನೂ ಇಲ್ಲ… ಅತ್ತೆ, ವೇಂಡ, ಬೇಡ. ಕೇಳ್ಬೇಡ. ಪ್ಲೀಸ್." ಹುಡುಗಿ ಅಲ್ಲೇ ನೆಲಕ್ಕೆ ಕುಸಿದು ಅತ್ತೆಯ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು. "ನನ್ನ ಹೆಸರು ಹೋದರೆ ಒಂದು ಬಹುಮಾನ ಹೋಗುತ್ತೆ. ಅಷ್ಟೇ ಅಲ್ವಾ? ಅಷ್ಟೇ ಅಲ್ವಾ ಅತ್ತೆ?"

ಅನಸೂಯಾ ಮೇಷ್ಟ್ರ ಕಡೆ ತಿರುಗಿದಳು. ಕೇಳಬಾರದೆಂದು ಮನಸ್ಸು ಹೇಳುತ್ತಿದ್ದರೂ, ಹಳೆಯ ಅಭ್ಯಾಸದ ನಾಲಿಗೆ ಕೇಳಿಯೇ ಬಿಟ್ಟಿತು.

"ಜೋಸೆಫ್ ಸಾರ್, ಸೋಮವಾರ ಬಾಟಲಿಯನ್ನು ಶಾಲೆಗೆ ತಂದುಕೊಟ್ಟದ್ದು ಯಾರು?"

"ಶ್ಯಾಮ ಸಾರ್. ಆಫೀಸಿಗೆ ಹೋಗುವ ದಾರಿಯಲ್ಲಿ, ಸ್ಕೂಟರಿನಲ್ಲಿ." ಹೇಳುತ್ತ ಹೇಳುತ್ತ ಮೇಷ್ಟ್ರ ಮುಖ ಬದಲಾಯಿತು. "ಅಯ್ಯೋ ಕರ್ತಾವೇ, ದೇವರೇ…"

ಏಲೂರಿನ ಕಡವಿನ ನೀರಿನಲ್ಲಿ ವಿಷ ಮಿತಿಯೊಳಗಿದೆ ಎಂದು ವರ್ಷ ವರ್ಷವೂ ಸಹಿ ಹಾಕುತ್ತಿದ್ದ ಅಧಿಕಾರಿ ಅವಳ ತಮ್ಮ. ಮಗಳ ಸಂಶೋಧನೆ ನಿಜವಾದರೆ ಆ ಸಹಿಗಳೆಲ್ಲ ಸುಳ್ಳು. ದೆಹಲಿಯಲ್ಲಿ ಮಗಳು ಗೆದ್ದ ದಿನವೇ ಅಪ್ಪನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹುಡುಗಿಗೆ ಇದು ಫ್ರಿಜ್ ಎಂಬ ಮಾತು ಕೇಳಿದ ಕೂಡಲೇ ಹೊಳೆದಿದೆ. ಹೊಳೆದ ಕೂಡಲೇ ತನ್ನ ಕುತ್ತಿಗೆ ಒಡ್ಡಿದ್ದಾಳೆ.

ಆದರೂ ಅನಸೂಯಾಳಿಗೆ ಒಂದು ಆಸೆ ಉಳಿದಿತ್ತು. ಶ್ಯಾಮನೂ ಅದೇ ಕಾಸರಗೋಡಿನ ಹೊಳೆಯ ಬದಿಯಲ್ಲಿ ಬೆಳೆದವ. ಅಕ್ಕ ತಮ್ಮ ಸೇರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಕ್ಕೆ ಹಾಕಿದ್ದಾರೆ. ಕಟ್ಟದ ಕೆಳಗೆ ಉಪ್ಪೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಕಡವು ಕಟ್ಟದ ಕೆಳಗಿದೆ ಎಂದು ತಿಳಿದಿದ್ದರೆ ತಾನೇ.

ಅವಳು ಮೊಬೈಲು ತೆಗೆದು ತಮ್ಮನ ಕಚೇರಿಗೆ ಕರೆ ಮಾಡಿದಳು. ಗುಮಾಸ್ತ ಜನಾರ್ದನ ಎತ್ತಿದ. ಕಾಸರಗೋಡಿನ ಕಡೆಯವ, ಪರಿಚಿತ.

"ಆಡಿಟ್ಟಾ? ಯಾವ ಆಡಿಟ್ ಅನಸೂಯಕ್ಕ? ಶ್ಯಾಮ ಸಾರ್ ಇವತ್ತು ರಜೆ. ನಿಮ್ಮೊಟ್ಟಿಗೆ ತಿರುವನಂತಪುರಕ್ಕೆ ಹೋಗಿದ್ದಾರೆ ಅಂತ ನಾವು ಗ್ರಹಿಸಿದ್ದು."

ಅವಳು ಫೋನು ಇಟ್ಟು ತಮ್ಮನ ಮೊಬೈಲಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಮತ್ತೊಮ್ಮೆ ಮಾಡಿದಾಗ ಕರೆ ಕೊನೆಯಾಗುವ ಹೊತ್ತಿಗೆ ಸದ್ದು ಬಂತು. ಗಾಳಿಯ ಸದ್ದು. ದೂರದಲ್ಲೆಲ್ಲೋ ದೋಣಿಯ ಮೋಟಾರು.

"ಶ್ಯಾಮ, ಎಲ್ಲಿದ್ದಿ?"

"ಏಲೂರಿನಲ್ಲಿ, ಅಕ್ಕ." ದನಿ ಶಾಂತವಾಗಿತ್ತು. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. "ಕಡವಿನ ಮೆಟ್ಟಿಲಲ್ಲಿ ಕೂತಿದ್ದೇನೆ. ಮೊದಲ ಸಲ ಬಂದದ್ದು ನೋಡು. ಎಷ್ಟು ವರ್ಷ ಸಹಿ ಹಾಕಿದ್ದೇನೆ, ಒಂದು ದಿನ ಬಂದು ಕಾಲು ತೊಳೆದವನಲ್ಲ. ಕುರ್ಚಿಯಲ್ಲಿ ಕೂತು ಮೇಲಿನವರು ಹೇಳಿದ್ದಕ್ಕೆ ಹೂಂ ಅಂದೆ. ತೆರೆದ್ರಾ ಅಕ್ಕ, ಬಾಟಲಿ?"

"ತೆರೆದರು. ನಿನ್ನ ಮಗಳು ನಾನೇ ಮಾಡಿದ್ದು ಅಂತ ಹೇಳ್ಲಿಕ್ಕೆ ಹೊರಟಿದ್ದಾಳೆ."

ಗಾಳಿ ಮಾತ್ರ.

"ಶ್ಯಾಮ?"

"ಅವಳಿಗೆ ಗೊತ್ತಾಯ್ತಾ?" ಶಾಂತಿ ಹರಿದುಹೋಗಿತ್ತು. "ಅಕ್ಕ, ದೇವರಾಣೆ, ಅವಳಿಗೆ ಕಳ್ಳಿ ಅಂತ ಹೆಸರು ಬರ್ಲಿ ಅಂತ ಮಾಡಿದ್ದಲ್ಲ. ಯಾರಾದ್ರೂ ಜಗಳ ತೆಗೆದು ಬಾಟಲಿ ತೆರೆದ್ರೆ ಏನೋ ತಪ್ಪಾಗಿದೆ ಅಂತ ಹೇಳಿ ಇಲ್ಲಿಗೇ ನಿಲ್ಲಿಸ್ತಾರೆ, ದೆಹಲಿಗೆ ಹೋಗ್ಲಿಕ್ಕಿಲ್ಲ, ಅಷ್ಟೇ ಅಂತ ಗ್ರಹಿಸಿದೆ. ಆ ದೂರು ಯಾರು ಬರೆದರೋ ನನಗೆ ಗೊತ್ತಿಲ್ಲ. ಅವಳ ಮುಖ ನೋಡ್ಲಿಕ್ಕೆ ಇನ್ನು ನನ್ನಿಂದ ಆಗುದಿಲ್ಲ ಅಕ್ಕ."

"ನೋಡದೆ ಎಲ್ಲಿಗೆ ಹೋಗ್ತಿ? ಏಳು. ಮೇಲೆ ಬಾ. ರಸ್ತೆಗೆ ಬಾ." ಅನಸೂಯಾ ಠಾಣೆಯ ಸ್ವರ ತಂದುಕೊಂಡಳು. "ಫೋನು ಇಡಬೇಡ. ನಾನು ಮಾತಾಡ್ತಾ ಇರ್ತೇನೆ, ನೀನು ನಡಿ. ಕೆಲಸ ಹೋದರೆ ಹೋಗಲಿ ಮಾರಾಯ, ನಾವು ಉಪವಾಸ ಸಾಯುದಿಲ್ಲ. ಏಳು ಶ್ಯಾಮ."

ಹಿಂದೆ ಬಾಗಿಲು ತೆರೆಯಿತು. ಅಯ್ಯರ್ ಹೊಸ್ತಿಲಲ್ಲಿ ನಿಂತಿದ್ದರು.

"ಮೇಡಂ, ಸಮಿತಿ ಕೂತಿದೆ. ಹೆಸರು?"

ಅನಸೂಯಾ ತಿರುಗಿ ನೋಡಿದ ಅಷ್ಟೇ ಹೊತ್ತಿನಲ್ಲಿ ಶ್ರಾವ್ಯ ನೆಲದಿಂದ ಎದ್ದು ಫೋನು ಕಿತ್ತುಕೊಂಡಳು. ಅತ್ತೆಯ ಮುಖದಲ್ಲಿ ಎಲ್ಲವನ್ನೂ ಓದಿಕೊಂಡಿದ್ದಳು.

"ಅಪ್ಪಾ! ಅಪ್ಪಾ, ನಾನು. ನನಗೆ ಬಹುಮಾನ ಬೇಡ ಅಪ್ಪಾ. ಕೇಳ್ತಾ ಇದ್ದೀಯಾ? ಅಪ್ಪಾ!"

ಗಾಳಿ. ಮೋಟಾರಿನ ಸದ್ದು ಹತ್ತಿರ ಬಂದು ನಿಂತಿತು. ಯಾರೋ ಫೋನು ಎತ್ತಿಕೊಂಡ ಗರಗರ. ಆಮೇಲೆ ಜಗಲಿಯಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಯಾವನೋ ಅಪರಿಚಿತ ದೋಣಿಯವನ ಮಲಯಾಳ:

"ಹಲೋ, ಯಾರಿದು? ಈ ಫೋನು ಕಡವಿನ ಮೆಟ್ಟಿಲ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಇದೆ. ಮನುಷ್ಯ ಮಾತ್ರ ಎಲ್ಲೂ ಕಾಣ್ತಾ ಇಲ್ಲವಲ್ಲ."